ಕೆಂಪು ಫೋನು, ನೀಲಿ ಫೋನಿನ ಮಳೆಗಾಲ

ಬೆಳಿಗ್ಗೆ ಒಲೆ ಹೊತ್ತಿಸಿ, ಅದರ ಮೇಲಿನ ಬಿದಿರಿನ ಗಳುವಿಗೆ ನಿನ್ನೆಯ ಒದ್ದೆ ಬಟ್ಟೆ ಹರವಿದೆ. ಹಲಸಿನ ಬೀಜ ಜಜ್ಜಿ ಸಿಪ್ಪೆ ತೆಗೆದಿಟ್ಟೆ. ಕೋಳಿಗೂಡಿನ ಮೇಲಿಂದ ಜಾರಿದ್ದ ಟಾರ್ಪಾಲನ್ನು ಎಳೆದು ಸರಿಮಾಡಿ ಮೂಲೆಗಳಿಗೆ ಕಲ್ಲು ಹೇರಿದೆ. ನಮ್ಮವರ ಗಂಬೂಟಿನೊಳಗೆ ಸೇರಿಕೊಂಡಿದ್ದ ಜಿಗಣೆಯನ್ನು ಕೊಡವಿ ಉಪ್ಪು ಹಾಕಿದೆ. ತಿಂಡಿಗೆ ಕಡುಬು ಬೇಯಿಸಿ, ಪಾತ್ರೆ ತೊಳೆದು, ಕೊಡೆ ಹಿಡಿದು ಮಾದಾಪುರ ಪೇಟೆಗೆ ಇಳಿದೆ. ಮೆಣಸಿನ ಬಳ್ಳಿಗೆ ಹೊಡೆಯಲು ಮೈಲುತುತ್ತ ತರಬೇಕಿತ್ತು.

ಗೊಬ್ಬರದಂಗಡಿಯವರಿಗೆ ಮಂಡಿನೋವು. "ಮಾಲು ಮಹಡಿ ಮೇಲಿದೆ ಅಕ್ಕ, ನೀವೇ ಹತ್ತಿ ತಗೊಂಡು ಬಂದ್ಬಿಡಿ" ಎಂದರು. ಆ ಮೆಟ್ಟಿಲು ಹತ್ತದೆ ಕೆಲವು ವರ್ಷಗಳೇ ಆಗಿದ್ದವು. ಮೇಲೆ ಚೀಲಗಳ ರಾಶಿ, ಒಂದು ಟ್ಯೂಬ್‌ಲೈಟು. ಗೋಡೆಯ ಬದಿಯಲ್ಲಿ ಯಾರೋ ಫೋನು ಚಾರ್ಜಿಗೆ ಹಾಕಿ ಮರೆತು ಹೋಗಿದ್ದರು, ಅದು ಕಾದಿತ್ತು. ಹಳೆಯ ಕಾಫಿ ಚೀಲದ ವಾಸನೆಯೂ ಬೆಚ್ಚಗಾದ ಪ್ಲಾಸ್ಟಿಕ್ಕಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಂದವು. ಈ ಎರಡು ವಾಸನೆ ಕೂಡಿ ಬಂದದ್ದನ್ನು ನಾನು ನನ್ನ ಜೀವಮಾನದಲ್ಲಿ ಒಂದೇ ಒಂದು ಮಳೆಗಾಲ ಅನುಭವಿಸಿದ್ದೇನೆ, ಅದೂ ಇದೇ ಕೋಣೆಯಲ್ಲಿ. ಮೈಲುತುತ್ತದ ಪೊಟ್ಟಣ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತೆ.

ಆ ವರ್ಷ ಜೂನ್ ತಿಂಗಳಲ್ಲಿ ಮೈಸೂರಿನ ಒಂದು ಸಣ್ಣ ಕಂಪನಿ ಈ ಮಹಡಿಯನ್ನು ಬಾಡಿಗೆಗೆ ಹಿಡಿಯಿತು. ಅದಕ್ಕೆ ಮೊದಲು ಇದು ಕಾಫಿ ಗೋಡೌನು. ಚೀಲ ಹೊರಹಾಕಿ, ಸುಣ್ಣ ಬಳಿದು, ಉದ್ದನೆಯ ಮೇಜು ತಂದಿಟ್ಟು, ಅದರ ಮೇಲೆ ಸಾಲಾಗಿ ಫೋನುಗಳನ್ನು ನಿಲ್ಲಿಸಿದರು. ಸೋಮವಾರಪೇಟೆಯ ದಿನೇಶ ಎಂಬುವನು ಸೂಪರ್‌ವೈಸರು. "ಹೆಂಗಸರು ಬೇಕು, ತಾಳ್ಮೆ ಇರ್ಬೇಕು, ಇಂಗ್ಲಿಷು ಅಷ್ಟಾಗಿ ಬೇಡ" ಎಂದು ಮನೆಮನೆಗೆ ಹೇಳಿಕೊಂಡು ಬಂದ. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ. ಅಕ್ಕಿ ರುಬ್ಬಿಟ್ಟರೆ ನನಗೂ ಹಗಲು ಖಾಲಿ. ಹೋದೆ.

ಕೆಲಸವೆಂದರೆ ಫೋನು ನೋಡುವುದು. ಫೋನಿನೊಳಗೆ ಚಿತ್ರ ಮೂಡಿಸುವುದಕ್ಕೇ ಒಂದು ಚಿಪ್ಪು ಇರುತ್ತದೆ ಎಂದು ನನಗೆ ತಿಳಿದದ್ದು ಆಗ. ಅಂಥ ಚಿಪ್ಪು ಮಾಡುವ ಇಬ್ಬರ ನಡುವೆ ಆ ವರ್ಷ ಪೈಪೋಟಿ ನಡೆದಿತ್ತು. ದೀಪಾವಳಿಗೆ ಬರಲಿದ್ದ ಒಂದು ಕಡಿಮೆ ಬೆಲೆಯ ಫೋನಿಗೆ ಯಾರ ಚಿಪ್ಪು ಹಾಕಬೇಕೆಂಬುದು ತೀರ್ಮಾನವಾಗಬೇಕಿತ್ತು. ಅವರ ಹೆಸರನ್ನು ನಮಗೆ ಹೇಳಲಿಲ್ಲ. ಒಬ್ಬರ ಚಿಪ್ಪಿದ್ದ ಫೋನುಗಳ ಬೆನ್ನಿಗೆ ಕೆಂಪು ಸ್ಟಿಕ್ಕರು, ಇನ್ನೊಬ್ಬರದಕ್ಕೆ ನೀಲಿ. ಎರಡರಲ್ಲೂ ಒಂದೇ ಆಟ ಓಡಿಸಿ, ಎಲ್ಲಿ ಚಿತ್ರ ಕೆಟ್ಟಿದೆ, ಯಾವುದು ನಿಜದಂತೆ ಕಾಣುತ್ತದೆ ಎಂದು ಬರೆಯಬೇಕು. ಅಸಲು ಚಿತ್ರ ಹೇಗಿರಬೇಕೆಂದು ತೋರಿಸುವುದಿಲ್ಲ. ಸಾಮಾನ್ಯ ಜನರ ಕಣ್ಣಿಗೆ ತಾನಾಗಿ ಹೇಗೆ ಕಾಣುತ್ತದೋ ಅದು ಬೇಕು ಎಂದು ಮೇಲಿನವರ ಅಪ್ಪಣೆ.

ಮೊದಲ ವಾರದಲ್ಲೇ ಬೊಳ್ಳಮ್ಮ ಆಂಟಿ ಕೇಳಿದರು. ಅವರು ನಿವೃತ್ತ ಟೀಚರು, ಅರ್ಥವಾಗದ್ದನ್ನು ಬಿಡುವವರಲ್ಲ.

"ದಿನೇಶ, ಡ್ರೈವರ್ ಬಂತು, ಡ್ರೈವರ್ ಬಂತು ಅಂತೀಯಲ್ಲ ಪ್ರತಿ ಸೋಮವಾರ. ಎಲ್ಲಿ ಜನ? ಚಾ ಆದ್ರೂ ಕೊಡುವ."

"ಜನ ಅಲ್ಲ ಆಂಟಿ, ಫೋನಿಗೆ ಹಾಕೋ ಒಂದು ಪ್ರೋಗ್ರಾಮು. ಈಗ ಎಸ್ಟೇಟಲ್ಲಿ ಓನರ್ ಹೇಳ್ತಾರೆ, ಇಂತಿಂಥ ಬ್ಲಾಕಲ್ಲಿ ಇಂತಿಂಥ ಕೆಲಸ ಆಗ್ಬೇಕು ಅಂತ. ಲೈನ್ ಮನೆಯ ಆಳುಗಳಿಗೆ ಓನರ್ ಭಾಷೆ ಬರಲ್ಲ. ಮಧ್ಯೆ ರೈಟರ್ ನಿಂತು ಅವರವರ ಭಾಷೆಲಿ ಹೇಳಿ ಕೆಲಸ ಮಾಡಿಸ್ತಾನೆ. ಆಟ ಅಂದ್ರೆ ಓನರ್, ಚಿಪ್ಪು ಅಂದ್ರೆ ಆಳು, ಡ್ರೈವರ್ ಅಂದ್ರೆ ರೈಟರ್. ಆಳು ಎಷ್ಟೇ ಗಟ್ಟಿ ಇರ್ಲಿ, ರೈಟರ್ ತಪ್ಪು ಹೇಳಿದ್ರೆ ಗಿಡದ ಬದಲು ಬೇಲಿ ಕಡಿದು ಬರ್ತಾನೆ."

"ಹಾಗಾದ್ರೆ ನಮ್ಮ ರೈಟರಿಗೆ ಮೊದಲು ಒಂದು ಅಪ್ಡೇಟ್ ಹಾಕು ಮಾರಾಯ. ಹೋದ ವರ್ಷದಿಂದ ಹ್ಯಾಂಗ್ ಆಗಿ ಕೂತಿದ್ದಾನೆ."

ಎಲ್ಲರೂ ನಕ್ಕೆವು. ಆದರೆ ದಿನೇಶನ ಮಾತು ನಮಗೆ ಉಪಯೋಗಕ್ಕೆ ಬಂತು. ಕೆಂಪಿನವರ ಚಿಪ್ಪು ಬಲಶಾಲಿ. ಆಟ ನೀರಿನಂತೆ ಹರಿಯುತ್ತಿತ್ತು. ಆದರೆ ಅವರ ಹೊಸ ಡ್ರೈವರ್ ಹೊಸ ಫೋನುಗಳಿಗೆ ಮಾತ್ರ. ಒಂದೆರಡು ವರ್ಷ ಹಳೆಯದಾದರೆ ಆ ಫೋನು ಅನಾಥ. ಇದ್ದ ಕುಂದು ಇದ್ದಂತೆಯೇ. ನೀಲಿಯವರ ಚಿಪ್ಪು ಸ್ವಲ್ಪ ತಡವರಿಸುತ್ತಿತ್ತು. ಆದರೆ ನಾವು ಸೋಮವಾರ ಬರೆದ ದೂರಿಗೆ ಮುಂದಿನ ಸೋಮವಾರವೇ ಮದ್ದು ಬರುತ್ತಿತ್ತು, ಗಾಜು ಬಿರುಕು ಬಿಟ್ಟ ಹಳೆಯ ಫೋನಿಗೂ. ಹಾಗಾಗಿ ಕೋಣೆಯಲ್ಲಿ ತಾನಾಗಿಯೇ ಎರಡು ಪಕ್ಷ ಆದವು. ಬೊಳ್ಳಮ್ಮ ಆಂಟಿ ಕೆಂಪು. ಹಾಕಿ ಪಂದ್ಯ ಆಡುವ ಮನೆತನದವರು, ಓಟ ಇರುವುದನ್ನು ಬಿಟ್ಟುಕೊಡುವವರಲ್ಲ. ಪೇಟೆಯ ಜಮೀಲ ನೀಲಿ. "ವಯಸ್ಸಾದೋರನ್ನೂ ನೋಡ್ಕೊಳ್ಳೋದು ನಮ್ಮ ನೀಲಿ ಮಾತ್ರ" ಎನ್ನುತ್ತಿದ್ದಳು. ನಾನು ಯಾವ ಕಡೆಗೂ ಸೇರಲಿಲ್ಲ. ನನ್ನ ಮೇಜಿನ ತುದಿಯಲ್ಲಿ ಎರಡೂ ಇದ್ದವು.

ಕುಂದುಗಳಿಗೆ ಇಂಗ್ಲಿಷಿನಲ್ಲಿ ಹೆಸರುಗಳಿದ್ದವು. ನಮ್ಮ ಬಾಯಲ್ಲಿ ಅವು ಬೇರೆಯಾದವು. ಗೋಡೆಯೂ ಬಾಗಿಲೂ ಒಂದೇ ಜಾಗಕ್ಕೆ ಬಂದು ಮಿಣಮಿಣ ಎಂದರೆ "ಓರಗಿತ್ತಿ ಜಗಳ". ಗೆರೆಯ ಅಂಚು ಹಲ್ಲುಹಲ್ಲಾಗಿ ಕಂಡರೆ "ಗರಗಸ". ಬಟ್ಟೆಯ ಬಣ್ಣ ಒಂದು ಕಡೆ ಹಾರಿಹೋದರೆ "ಹೊಲಿಗೆ ಬಿಚ್ಚಿದೆ". ದಿನೇಶ ಅವನ್ನು ಕೇಳಿಕೊಂಡು ಇಂಗ್ಲಿಷಿಗೆ ತಿರುಗಿಸಿ ಕಳಿಸುತ್ತಿದ್ದ. ಇಡೀ ದಿನ ಆಟ ಓಡಿ ಫೋನುಗಳು ಕಾಯುತ್ತಿದ್ದವು. ಜಮೀಲ ತನ್ನ ಒದ್ದೆ ಕಾಲುಚೀಲವನ್ನು ಅವುಗಳ ಹಿಂದೆ ಒಣಹಾಕುತ್ತಿದ್ದಳು. ಒಂದು ದಿನ ದಿನೇಶ ನೋಡಿದ.

"ಜಮೀಲಕ್ಕ, ಇದು ಲಕ್ಷಗಟ್ಟಲೆ ಬೆಲೆಯ ಸಾಮಾನು!"

"ಪಡಚೋನೇ, ನನ್ನ ದೇವರೇ, ಅದಕ್ಕೇ ನೋಡು ಎಷ್ಟು ಚೆಂದ ಒಣಗ್ತದೆ" ಎಂದಳು ಜಮೀಲ. ಕಾಲುಚೀಲ ಅಲ್ಲೇ ಇತ್ತು.

ಈ ಕೆಲಸಕ್ಕೆ ನಾನೇ ಕರೆಸಿಕೊಂಡವಳು ರತ್ನ. ನನ್ನ ಚಿಕ್ಕಮ್ಮನ ಮಗಳು, ಶಿರಂಗಾಲದವಳು. ನನ್ನ ತವರೂ ಆ ಕಡೆಯದೇ. ಹಾಸನದ ಕಡೆಯಿಂದ ಬಂದು ಅಲ್ಲಿ ನೆಲೆಸಿದ ಒಕ್ಕಲು ಮನೆತನ. ಕುಶಾಲನಗರದಿಂದಾಚೆಗೆ ಮಳೆ ಕಡಿಮೆ, ಬಯಲು. ಜೋಳ, ಶುಂಠಿ ಬೆಳೆಯುತ್ತಾರೆ. ನಾನು ಮದುವೆಯಾಗಿ ಮಾದಾಪುರಕ್ಕೆ ಬಂದು ಇಪ್ಪತ್ತು ವರ್ಷ ಮೇಲಾಗಿತ್ತು. ರತ್ನನಿಗೆ ಮದುವೆಯಾಗಲಿಲ್ಲ. ನಲವತ್ತರ ಹತ್ತಿರ. ಅಣ್ಣನ ಮನೆಯಲ್ಲಿದ್ದಳು. ಅಣ್ಣ ಕೆಟ್ಟವನೇನಲ್ಲ. ಅತ್ತಿಗೆಗೆ ಸಣ್ಣ ಮಕ್ಕಳು, ಹಟ್ಟಿಯಲ್ಲಿ ಹಸು. ರತ್ನ ಇದ್ದರೆ ಮನೆ ನಡೆಯುತ್ತಿತ್ತು. ಅವಳು ಹೊರಡುತ್ತೇನೆಂದಾಗ ಅಣ್ಣ ಒಂದು ಗಡುವು ಹಾಕಿದ.

"ಗೌರಿ ಹಬ್ಬದೊಳಗೆ ಕೆಲ್ಸ ಖಾಯಂ ಆದ್ರೆ ಇರವ್ವ, ನಾನು ಬ್ಯಾಡ ಅನ್ನಲ್ಲ. ಆಗ್ಲಿಲ್ಲ ಅಂದ್ರೆ ಬಂದ್ಬುಡು. ಆಮೇಲೆ ಮತ್ತೆ ಈ ಮಾತು ಎತ್ಬಾರದು."

ರತ್ನ ಒಪ್ಪಿಕೊಂಡು ಬಂದಳು. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇದ್ದಳು. ಬಂದ ಮೊದಲ ದಿನವೇ ತನ್ನ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ನೋಡುತ್ತಿರುವುದನ್ನು ಕಂಡು, "ಅಲ್ಲಿ ನನ್ನ ಪೆಟ್ಟಿಗೆ ಎಲ್ರೂ ತೆಗೀತಾರೆ ಕಣಕ್ಕ. ಇಲ್ಲಿ ಹಾಕಿ ನೋಡೋಣ ಅನ್ನಿಸ್ತು" ಎಂದು ನಕ್ಕಳು.

ಕಂಪನಿಗೆ ಒಂದು ನಿಯಮವಿತ್ತು. ಒಂದೊಂದು ದೃಶ್ಯವನ್ನೂ ಮೂವರು ಬೇರೆಬೇರೆಯಾಗಿ ನೋಡಿ ಬರೆಯಬೇಕು. ಇಬ್ಬರು ಒಂದು ಹೇಳಿ ಮೂರನೆಯವಳು ಇನ್ನೊಂದು ಹೇಳಿದರೆ ಅವಳ ಹೆಸರಿನ ಮುಂದೆ ಕಂಪ್ಯೂಟರು ತಾನೇ ಒಂದು ಕಪ್ಪು ಚುಕ್ಕೆ ಇಡುತ್ತದೆ. ಚುಕ್ಕೆ ಒಂದು ಮಿತಿ ದಾಟಿದರೆ ಅವಳ ಕಣ್ಣು ನಂಬಿಕೆಗೆ ತಕ್ಕದ್ದಲ್ಲ ಎಂದು ಲೆಕ್ಕ. ಮಳೆಗಾಲ ಮುಗಿಯುವಾಗ ಚುಕ್ಕೆ ಕಡಿಮೆ ಇದ್ದವರನ್ನು ಖಾಯಂ ಮಾಡುವುದಾಗಿ ಹೇಳಿದ್ದರು. ಜೂನ್ ಪೂರ್ತಿ ರತ್ನನ ಹೆಸರಿನ ಮುಂದೆ ಏನೂ ಇರಲಿಲ್ಲ.

ಜುಲೈಯಲ್ಲಿ ಬೆಟ್ಟದ ಆಟ ಬಂತು. ಜೀಪು ಓಡಿಸುವ ಆಟ. ಕೆಂಪು ಮಣ್ಣಿನ ರಸ್ತೆ, ತಿರುವು, ಬದಿಯಲ್ಲಿ ಮರ, ದೂರಕ್ಕೆ ಒಂದರ ಹಿಂದೊಂದು ಬೆಟ್ಟ. ನೀಲಿ ಫೋನಿನಲ್ಲಿ ಆ ಬೆಟ್ಟಗಳೆಲ್ಲ ತುದಿಯವರೆಗೆ ಕಾಣುತ್ತಿದ್ದವು. ಕೆಂಪು ಫೋನಿನಲ್ಲಿ ಎರಡನೇ ತಿರುವಿನ ಆಚೆಗೆ ಬೆಳ್ಳನೆಯ ಮಂಜು, ಅದರಾಚೆ ಏನೂ ಇಲ್ಲ. ನಮಗೆ ನೋಡಿದ ಕೂಡಲೇ ತಿಳಿಯಿತು. ಬೊಳ್ಳಮ್ಮ ಆಂಟಿ ಬರೆದರು, ಜಮೀಲ ಬರೆದಳು, ನಾನೂ ಬರೆದೆ: ಕೆಂಪು ಸರಿಯಾಗಿದೆ, ನೀಲಿಯಲ್ಲಿ ಮಂಜು ಬರುತ್ತಿಲ್ಲ.

ಮುಂದಿನ ದೃಶ್ಯಕ್ಕೆ ಮೂವರಲ್ಲಿ ಒಬ್ಬಳಾಗಿ ರತ್ನನ ಸರದಿ ಬಂದಾಗ ಅವಳು ತಿರುಗಿಸಿ ಬರೆದಳು. ನೀಲಿ ಸರಿ, ಕೆಂಪಿನಲ್ಲಿ ಬೆಟ್ಟ ಮಾಯವಾಗಿದೆ.

ಬರೆದದ್ದನ್ನು ಒಬ್ಬರಿಗೊಬ್ಬರು ಹೇಳಬಾರದು ಎಂದಿತ್ತು. ಆದರೆ ಚಾ ಹೊತ್ತಿನಲ್ಲಿ ಯಾವ ಮಾತು ಉಳಿಯುತ್ತದೆ?

"ಅಲ್ಲ ರತ್ನ, ಬೆಟ್ಟ ಅಂದ್ರೆ ಮಂಜು ಬೇಡ್ವ?" ಎಂದರು ಬೊಳ್ಳಮ್ಮ ಆಂಟಿ. "ಅಷ್ಟು ದೂರದ ಬೆಟ್ಟ ತುದಿವರೆಗೆ ಕಾಣ್ತದೆ ಅಂದ್ರೆ ಯಾರಾದ್ರೂ ನಂಬ್ತಾರ? ಅದು ಕ್ಯಾಲೆಂಡರ್ ಚಿತ್ರ ಆಯ್ತು."

"ಜೀಪಿನ ಕೆಳಗೆ ನೆರಳು ನೋಡಿ ಆಂಟಿ, ಎಷ್ಟು ಕಪ್ಪಗೆ ಬಿದ್ದದೆ. ನೆತ್ತಿ ಮೇಲೆ ಬಿಸಿಲಿದೆ. ಅಂಥ ಬಿಸಿಲಲ್ಲಿ ಮಂಜು ಹೆಂಗೆ ನಿಲ್ತದೆ?"

"ನಮ್ಮಲ್ಲಿ ಎರಡೂ ಒಟ್ಟಿಗೇ ಬರ್ತದೆ. ನಿಂಗೆ ಅಭ್ಯಾಸ ಇಲ್ಲ."

"ತುದಿಬೆಟ್ಟದ ಮೇಲೆ ಒಂದು ಹಳದಿ ಬಾವುಟ ಅದೆ, ನೋಡಿದ್ರಾ?"

ಜಮೀಲ ಚಾ ಲೋಟ ಕೆಳಗಿಟ್ಟಳು. "ಬಾವುಟ? ಅದು ಬಾವುಟವಾ? ನಾನು ಸ್ಕ್ರೀನಿಗೆ ಅರಿಶಿನ ಹಾರಿದೆ ಅಂತ ಬರ್ದೆ."

ನಗು ತಡೆಯಲು ಆಗಲಿಲ್ಲ. ಮರುದಿನದಿಂದ ಯಾರಿಗೆ ಏನು ಕಾಣದಿದ್ದರೂ "ರತ್ನನ್ನ ಕೇಳು, ಅವಳಿಗೆ ಬಾವುಟಾನೂ ಕಾಣ್ತದೆ" ಎಂದು ತಮಾಷೆ. ರತ್ನನೂ ಮೊದಮೊದಲು ನಗುತ್ತಿದ್ದಳು. ಆದರೆ ಬೆಟ್ಟದ ಆಟ ದಿನಾ ಬರುತ್ತಿತ್ತು. ಹೊತ್ತು ಬೇರೆ, ತಿರುವು ಬೇರೆ, ಬೆಟ್ಟ ಅದೇ. ಅವಳ ಹೆಸರಿನ ಮುಂದೆ ಚುಕ್ಕೆ ಬೀಳತೊಡಗಿತು.

ಹೊರಗೆ ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಬೆಳಿಗ್ಗೆ ಕಿಟಕಿ ತೆರೆದರೆ ಮಂಜು ಒಳಗೇ ಬಂದು ಮೇಜಿನ ಮೇಲೆ ಕೂರುತ್ತಿತ್ತು. ದಿನೇಶ ಬಟ್ಟೆಯಿಂದ ಫೋನುಗಳ ಮುಖ ಒರೆಸುತ್ತಿದ್ದ. ಕರೆಂಟು ಹೋದರೆ ಕೆಳಗಿನ ಅಂಗಡಿಯ ಜನರೇಟರು ಹಾಕಿಸುವವರೆಗೆ ನಾವು ಹಲಸಿನ ಹಪ್ಪಳ ತಿನ್ನುತ್ತ ಕೂರುತ್ತಿದ್ದೆವು. ದಾರಿಯಲ್ಲಿ ಎದುರು ಬಂದವರು ಯಾರೆಂದು ಕೊಡೆ ನೋಡಿ ಗುರುತಿಸಬೇಕಿತ್ತು.

ಆಗಸ್ಟ್ ಬಂದಾಗ ನಾನು ರತ್ನನಿಗೆ ಹೇಳಿದೆ. ಇಬ್ಬರೂ ಸೊಪ್ಪು ಬಿಡಿಸುತ್ತ ಕೂತಿದ್ದೆವು.

"ಎಲ್ರೂ ಬರೆಯೋ ಹಾಗೆ ಬರೆದ್ಬಿಡು ರತ್ನ. ಒಂದು ಬೆಟ್ಟಕ್ಕಾಗಿ ಕೆಲಸ ಕಳ್ಕೋತೀಯ? ಗೌರಿ ಹಬ್ಬ ಹತ್ರ ಬಂತು."

"ಬರ್ದು ನೋಡ್ದೆ ಕಣಕ್ಕ, ಹೋದ ವಾರ. ಮಾರನೇ ದಿನ ಅದೇ ಸೀನು ಮತ್ತೆ ಬಂತು. ನಿನ್ನೆ ಏನಂತ ಬರ್ದಿದ್ದೆ ಅಂತ ಜ್ಞಾಪಿಸ್ಕೊಳ್ಳೋದ್ರಲ್ಲೇ ತಲೆನೋವು ಬಂತು. ಕಂಡಿದ್ದನ್ನ ಬರೆದ್ರೆ ಜ್ಞಾಪಕ ಇಟ್ಕೊಳ್ಳೋ ಗೋಜಿಲ್ಲ."

"ಚುಕ್ಕೆ?"

"ಅದು ಬೀಳ್ತದೆ." ಇನ್ನೊಂದು ಕಟ್ಟು ಸೊಪ್ಪು ಎಳೆದುಕೊಂಡು, "ಅಕ್ಕ, ನೀನೂ ನಮ್ಮ ಬಯಲಲ್ಲಿ ಬೆಳೆದೋಳಲ್ವಾ? ನಿಂಗೂ ಆ ಬೆಟ್ಟ ಸುಳ್ಳು ಅನ್ಸುತ್ತಾ?" ಎಂದು ಕೇಳಿದಳು.

ನಾನು ಯೋಚಿಸಿ ನೋಡಿದೆ. ತವರಿನ ಅಂಗಳದಿಂದ ಎಷ್ಟು ದೂರ ಕಾಣುತ್ತಿತ್ತೆಂದು ನೆನಪಿಗೆ ತಂದುಕೊಂಡೆ. ನನಗೆ ಸುಳ್ಳೆಂದೇ ಅನ್ನಿಸಿತು, ಹಾಗೇ ಹೇಳಿದೆ. ಅವಳು ಸೊಪ್ಪಿನ ದಂಟು ಮುರಿದು ಬುಟ್ಟಿಗೆ ಹಾಕಿದಳು.

ನೀಲಿಯವರು ದೂರಿಗೆ ಓಗೊಡುವವರು ಎಂದೆನಲ್ಲ. ಹಬ್ಬಕ್ಕೆ ಇನ್ನು ಕೆಲವೇ ದಿನಗಳಿದ್ದಾಗಿನ ಸೋಮವಾರ ಅವರ ಹೊಸ ಡ್ರೈವರ್ ಬಂತು. ಬೆಟ್ಟದ ಆಟ ತೆರೆದರೆ ನೀಲಿ ಫೋನಿನಲ್ಲೂ ಎರಡನೇ ತಿರುವಿನಾಚೆಗೆ ಬೆಳ್ಳನೆಯ ಮಂಜು. ಹಳೆಯ ಬಿರುಕು ಫೋನಿನಲ್ಲೂ ಮಂಜು. ಬೊಳ್ಳಮ್ಮ ಆಂಟಿ ಚಪ್ಪಾಳೆ ತಟ್ಟಿದರು. "ಬಂತು ನೋಡಿ! ಹೇಳಿದ್ರೆ ಕೇಳ್ತಾರೆ ನೀಲಿಯವರು. ಒಳ್ಳೆ ಮಕ್ಕಳು." ಜಮೀಲ ಆ ದಿನ ಎಲ್ಲರಿಗೂ ಬಾಳೆಹಣ್ಣಿನ ಸಿಹಿತಿಂಡಿ ಉನ್ನಕ್ಕಾಯ ತಂದಿದ್ದಳು. ಅದು ಬೇರೆ ಕಾರಣಕ್ಕೆ, ಆದರೆ ಹಬ್ಬದಂತಾಯಿತು.

ನಾವೆಲ್ಲ ಎರಡೂ ಫೋನು ಸರಿ ಎಂದು ಬರೆದೆವು. ರತ್ನ ಎರಡೂ ತಪ್ಪು ಎಂದು ಬರೆದಳು. ಒಂದೊಂದಕ್ಕೂ ಒಂದೊಂದು ಚುಕ್ಕೆ. ಆ ವಾರ ಮುಗಿಯುವ ಮೊದಲೇ ಮಿತಿ ದಾಟಿತು.

ಶನಿವಾರ ಮಧ್ಯಾಹ್ನ ದಿನೇಶ ಅವಳನ್ನು ಮೆಟ್ಟಿಲ ಬಳಿ ಕರೆದು ಹೇಳಿದ. ಹೇಳಲು ಅವನಿಗೂ ಕಷ್ಟವಾಗಿತ್ತು. "ನನ್ನ ಕೈಯಲ್ಲಿಲ್ಲ ರತ್ನಕ್ಕ. ಸಿಸ್ಟಮ್ ನಿಮ್ಮ ಲಾಗಿನ್ನನ್ನೇ ಮುಚ್ಚಿಬಿಟ್ಟಿದೆ." ರತ್ನ ಒಳಗೆ ಬಂದು, ತನ್ನ ನೀರಿನ ಬಾಟಲಿ, ಕುರ್ಚಿಗೆ ಹಾಸಿದ್ದ ಟವೆಲು ತೆಗೆದುಕೊಂಡು, ಎಲ್ಲರಿಗೂ ಹೋಗಿಬರುತ್ತೇನೆಂದು ಹೇಳಿ ಇಳಿದಳು. ಬೊಳ್ಳಮ್ಮ ಆಂಟಿ ತಮಾಷೆ ಮಾಡಲಿಲ್ಲ. "ಪಾಪ, ಒಂದು ಬಾವುಟ ಬಿಟ್ಟುಕೊಟ್ಟಿದ್ರೆ ಆಗ್ತಿತ್ತು" ಎಂದರು, ಅಷ್ಟೇ.

ಅವಳೇ ಅಣ್ಣನಿಗೆ ಫೋನು ಮಾಡಿದಳು. ಭಾನುವಾರ ಬರುತ್ತೇನೆಂದ ಅಣ್ಣನಿಗೆ ಬರಲಾಗಲಿಲ್ಲ; ಆ ರಾತ್ರಿಯ ಮಳೆಗೆ ದಾರಿಯಲ್ಲಿ ಮಣ್ಣು ಜರಿದು ಬಸ್ಸು ನಿಂತಿತು. ರಸ್ತೆ ತೆರೆದ ಮೇಲೆ ಬರುವೆನೆಂದ. ರತ್ನ ಪೆಟ್ಟಿಗೆ ಕಟ್ಟಿಟ್ಟು, ಸೋಮವಾರ ನಾನು ಹೊರಡುವಾಗ ಹಿತ್ತಲಲ್ಲಿ ನಮ್ಮವರ ಜೊತೆ ಚರಂಡಿಯ ಎಲೆ ಎಳೆಯುತ್ತಿದ್ದಳು.

ಆ ಸೋಮವಾರ ಡ್ರೈವರ್ ಬರಲಿಲ್ಲ. ಬದಲಿಗೆ ನೀಲಿಯವರ ಕಡೆಯ ಇಂಜಿನಿಯರೊಬ್ಬರು ವಿಡಿಯೋ ಕಾಲಿನಲ್ಲಿ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕನ್ನಡದವಳೇ, ಮಾತಿನಲ್ಲಿ ಉತ್ತರದ ಎಳೆತ. ದಿನೇಶ ಲ್ಯಾಪ್‌ಟಾಪನ್ನು ಮೇಜಿನ ಮಧ್ಯೆ ಇಟ್ಟ. ನಾವೆಲ್ಲ ಸೆರಗು, ಶಾಲು ಸರಿಮಾಡಿಕೊಂಡು ಮುಂದೆ ಕೂತೆವು.

"ನಮಸ್ಕಾರ್ರೀ ಅಮ್ಮಾರ. ಒಂದು ವಿಷಯ ಕೇಳೂದಿತ್ತು. ಆಟ ಮಾಡಿದವರು ನಮ್ಮ ಮ್ಯಾಲೆ ಸಿಟ್ಟಾಗ್ಯಾರ. ತುದಿಗುಡ್ಡದ ಮ್ಯಾಲಿನ ಬಾವುಟ ನೋಡಿಕೊಂಡು ಜೀಪ್ ಓಡಸಬೇಕು, ಅದ ಆಟ. ಈಗ ಎರಡೂ ಫೋನಿನಾಗ ಬಾವುಟ ಕಾಣವಲ್ದು ಅಂತ. ನೀವು ಮಂಜು ಬೇಕು ಅಂತ ಬರದ್ರಿ, ನಾವು ಹಾಕಿದ್ವಿ. ಮಂಜು ಯಾಕ ಬೇಕು ಅನ್ನಿಸ್ತು ನಿಮಗ?"

ಬಾವುಟ ಎಂಬ ಮಾತು ಕೇಳಿ ಜಮೀಲ ನನ್ನ ಕೈ ಹಿಡಿದಳು. ಬೊಳ್ಳಮ್ಮ ಆಂಟಿ ಎದ್ದರು. ಲ್ಯಾಪ್‌ಟಾಪನ್ನು ಎರಡು ಕೈಯಲ್ಲಿ ಎತ್ತಿ, ಕಿಟಕಿಯ ಹತ್ತಿರ ಒಯ್ದು, ಹೊರಗೆ ತೋರಿಸಿದರು.

"ಏನು ಕಾಣ್ತದೆ ಹೇಳು ಮಗ."

"ಏನೂ ಇಲ್ರೀ ಮ್ಯಾಡಮ್. ಬಿಳೀದು. ಕ್ಯಾಮೆರಾ ಮುಚ್ಚೇತೇನು?"

"ಮುಚ್ಚಿಲ್ಲ. ಅಲ್ಲಿ ಎದುರಿಗೆ ಒಂದು ದೊಡ್ಡ ಬೆಟ್ಟ ಇದೆ. ಜೂನಿಂದ ನಾವೂ ನೋಡಿಲ್ಲ. ಆದ್ರೆ ಇದೆ."

ಆ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುವುದು ಕಂಡಿತು. "ನಮ್ಮೂರು ಬಳ್ಳಾರಿ ರೀ. ಮಂಜು ಅಂದ್ರ ನಾವು ಫ್ರಿಜ್ಜಿನಾಗ ನೋಡಿದವರು. ಇದು ನಮಗ ಹೊಳೀಲೇ ಇಲ್ಲ." ನಕ್ಕು ಮುಗಿಸಿ ಗಂಭೀರವಾದಳು. ಕೆಂಪಿನವರ ಡ್ರೈವರ್ ದೂರದ ಲೆಕ್ಕವನ್ನು ಒರಟಾಗಿ ಮಾಡಿ ಬೆಟ್ಟಗಳನ್ನು ನುಂಗುತ್ತಿತ್ತು, ತಪ್ಪು ಅವರದು. ಸರಿಯಿದ್ದ ತಮ್ಮ ಡ್ರೈವರನ್ನು ನೀಲಿಯವರು ನಮ್ಮ ಮಾತು ಕೇಳಿ ಕೆಡಿಸಿಕೊಂಡಿದ್ದರು. ಪೈಪೋಟಿಯಲ್ಲಿ ಹಿಂದೆ ಬಿದ್ದೇವೆಂಬ ಹೆದರಿಕೆಗೆ ಯಾರೂ ಎರಡನೇ ಸಲ ಕೇಳಿರಲಿಲ್ಲ. "ನಿಮ್ಮೊಳಗ ಒಬ್ಬಾಕಿ ಅಷ್ಟ ಮೊದಲಿಂದ ಬಾವುಟದ ಬಗ್ಗೆ ಬರದಾಳ. ಆಕಿ ಯಾರು?"

"ರತ್ನ ಅಂತ" ಎಂದೆ. "ಶನಿವಾರ ತೆಗೆದ್ರು."

ಮುಂದಿನದೆಲ್ಲ ಮೈಸೂರಿನ ಕಂಪನಿಯೊಳಗೆ ನಡೆದದ್ದು. ಸರಿಯುತ್ತರ ಯಾವುದೆಂದು ತಿಳಿದ ಮೇಲೆ ಕಂಪ್ಯೂಟರು ಚುಕ್ಕೆಗಳನ್ನು ಮತ್ತೆ ಎಣಿಸಿತು. ರತ್ನನವು ಅಳಿಸಿಹೋದವು, ನಮ್ಮೆಲ್ಲರ ಹೆಸರಿನ ಮುಂದೆ ಬಿದ್ದವು. ಆ ನಿಯಮದಂತೆ ಇಡೀ ಕೋಣೆಯಲ್ಲಿ ನಂಬಬಹುದಾದ ಕಣ್ಣು ಒಂದೇ. ಮಂಜಿಲ್ಲದ ಕಡೆಗೆ, ಕುಶಾಲನಗರಕ್ಕೆ, ಕೋಣೆಯ ಕೆಲಸವನ್ನೇ ಸಾಗಿಸುವುದೆಂದು ತೀರ್ಮಾನಿಸಿದರು. ರತ್ನನಿಗೆ ಖಾಯಂ ಕೆಲಸ. ನಮಗೆ ತಿಂಗಳ ಕೊನೆಯವರೆಗೆ. ದಿನೇಶ ಮರುದಿನ ಸಂಜೆ ಮಳೆಯಲ್ಲಿ ನಮ್ಮ ಮನೆಗೇ ಬಂದು, ಜಗಲಿಯಲ್ಲಿ ನಿಂತು ಹೇಳಿದ. ಅವನ ರೈನ್‌ಕೋಟಿನಿಂದ ನೀರು ಇಳಿದು ಜಗಲಿ ಕೆರೆಯಾಯಿತು. ರತ್ನ ಹೋಗಿ ಬಟ್ಟೆ ತಂದು ಒರೆಸಿದಳು. ಒರೆಸುತ್ತಲೇ "ಯಾವಾಗಿಂದ ಬರ್ಬೇಕು?" ಎಂದು ಕೇಳಿದಳು.

ಬೊಳ್ಳಮ್ಮ ಆಂಟಿಗೆ ಬೇಸರವಾಗಿರಲಿಲ್ಲ. "ಇನ್ನು ಕೆಂಪಿನವರ ಓಟ ಯಾರು ನೋಡ್ತಾರೆ ಅಂತ ಅಷ್ಟೇ ಚಿಂತೆ" ಎಂದರು. ಜಮೀಲ ಕೊನೆಯ ದಿನ ಕಾಲುಚೀಲ ಹುಡುಕಿಕೊಂಡು ಹೋದಳು. ನೀಲಿಯವರು ಒಂದೇ ವಾರದಲ್ಲಿ ಮಂಜು ತೆಗೆದ ಡ್ರೈವರ್ ಕಳಿಸಿದರು, ಹಳೆಯ ಫೋನುಗಳಿಗೂ. ಕೆಂಪಿನವರೂ ಸರಿಮಾಡಿದರು, ಹೊಸ ಫೋನುಗಳಿಗೆ ಮಾತ್ರ. ಹಳೆಯವುಗಳಲ್ಲಿ ಬೆಟ್ಟ ಇವತ್ತಿಗೂ ಕಾಣದಿರಬಹುದು. ದೀಪಾವಳಿಯ ಫೋ‌ನಿಗೆ ಯಾರ ಚಿಪ್ಪು ಹಾಕಿದರೆಂದು ನಮಗೆ ಯಾರೂ ಹೇಳಲಿಲ್ಲ.

ದಿನೇಶ ಬಂದು ಹೋದ ಆ ಸಂಜೆ ರತ್ನನ ಅಣ್ಣನ ಫೋನು ಬಂತು. ರತ್ನ ರೊಟ್ಟಿ ತಟ್ಟುತ್ತಿದ್ದಳು, ಕೈಯೆಲ್ಲ ಹಿಟ್ಟು. ನಾನು ಸ್ಪೀಕರಿಗೆ ಹಾಕಿ ಅವಳ ಮುಂದೆ ಇಟ್ಟೆ. ರಸ್ತೆ ತೆರೆದಿದೆ, ನಾಳೆ ಬರುತ್ತೇನೆ ಎಂದ. ಅವಳು ವಿಷಯ ಹೇಳಿದಳು. ಅಣ್ಣನಿಗೆ ನಿಜವಾಗಿಯೂ ಸಂತೋಷವಾಯಿತು. ಅದು ದನಿಯಲ್ಲೇ ಗೊತ್ತಾಗುತ್ತಿತ್ತು.

"ಕುಶಾಲನಗರವಾ! ಅಯ್ಯೋ, ಎಷ್ಟು ಒಳ್ಳೇದಾಯ್ತವ್ವ. ಹೆಂಗೂ ಹತ್ರ ಆಯ್ತಲ್ಲ. ಮನೆಯಿಂದ್ಲೇ ಓಡಾಡು. ಬೆಳಿಗ್ಗೆ ಹಾಲು ಕರೆದು, ಮಕ್ಕಳಿಗೆ ತಿಂಡಿ ಮಾಡಿಟ್ಟು ಬಸ್ ಹತ್ತಿದ್ರೆ ಆಯ್ತು. ಸಂಜೆ ಬಂದು ಮಿಕ್ಕಿದ್ದು ನೋಡ್ಕೋಬೌದು. ನಿಮ್ಮತ್ತಿಗೆಗೂ ಹೇಳ್ದೆ, ಇಲ್ಲೇ ಅವಳೆ, ಕುಣೀತಾವಳೆ."

ರತ್ನನ ಕೈ ರೊಟ್ಟಿಯ ಮೇಲೆ ನಿಂತಿತು. ಕೆಂಡ ಚಟಪಟ ಎಂದಿತು. ನಮ್ಮವರು ಒಲೆಯ ಬದಿಯಲ್ಲಿ ಕಾಲು ಕಾಯಿಸುತ್ತಿದ್ದವರು ತಲೆ ಎತ್ತಿದರು.

"ರೂಮು ಸಿಕ್ಕಿದೆ ಅಣ್ಣ" ಎಂದಳು ರತ್ನ. "ಕುಶಾಲನಗರದಲ್ಲೇ. ಮಾತು ಕೊಟ್ಟಾಯ್ತು."

"ರೂಮಾ? ಯಾಕೆ, ಮನೆ ಇಲ್ವ?"

"ಮನೆ ಅದೆ. ಭಾನುವಾರ ಬರ್ತೀನಿ. ಹಬ್ಬಕ್ಕೂ ಬರ್ತೀನಿ. ಖಾಯಂ ಆದ್ರೆ ಬ್ಯಾಡ ಅನ್ನಲ್ಲ ಅಂದಿದ್ದೆ ನೀನು."

ಆ ಕಡೆಯಿಂದ ಬಹಳ ಹೊತ್ತು ಹಸುವಿನ ಕೊರಳ ಗಂಟೆಯೊಂದೇ ಕೇಳಿಸಿತು. "ಅಂದಿದ್ದೆ" ಎಂದ ಅಣ್ಣ ಕೊನೆಗೆ. "ಸರಿ. ನಾಳೆ ನಾನು ಬರೋದು ಬ್ಯಾಡ ಹಂಗಾದ್ರೆ." ಫೋನು ಇಟ್ಟ.

ರತ್ನ ರೊಟ್ಟಿಯನ್ನು ಕಾವಲಿಗೆ ಹಾಕಿ, ಅದರ ಅಂಚು ಒತ್ತುತ್ತ ನನ್ನ ಕಡೆ ತಿರುಗದೆ ಕೇಳಿದಳು. "ಅಕ್ಕ, ಕುಶಾಲನಗರದಲ್ಲಿ ರೂಮು ಕೊಡೋರು ಯಾರಾದ್ರೂ ನಿಂಗೆ ಗೊತ್ತಾ?"

ನಮ್ಮವರು ಕಾಲು ಹಿಂದಕ್ಕೆಳೆದುಕೊಂಡರು. "ಈಗ ತಾನೇ ಸಿಕ್ಕಿದೆ ಅಂದ್ಯಲ್ಲ ಮಾರಾಯ್ತಿ! ಮಾತು ಕೊಟ್ಟಾಯ್ತು ಅಂದೆ!"

"ಕೊಟ್ಟೆನಲ್ಲ ಭಾವ, ಈಗ ಅಣ್ಣಂಗೆ. ಇನ್ನು ರೂಮು ಹುಡುಕ್ಬೇಕು."

ಅವರು ನಗುತ್ತ, ತಮ್ಮ ಜೊತೆ ಓದಿದವನೊಬ್ಬನ ಮನೆಯ ಮೇಲೆ ಒಂದು ಕೋಣೆ ಖಾಲಿ ಇದ್ದಂತೆ ನೆನಪು, ಬೆಳಿಗ್ಗೆ ವಿಚಾರಿಸುತ್ತೇನೆ ಎಂದರು. ಅಡುಗೆಮನೆ ಒಂದು ಬೇಕು, ಚಿಕ್ಕದಾದರೂ ಸರಿ ಎಂದಳು ರತ್ನ.

ಆ ಸಂಜೆ ಅಕ್ಕಿರೊಟ್ಟಿ, ಎಳೆಬಿದಿರಿನ ಕಣಿಲೆ ಪಲ್ಯ, ಗಟ್ಟಿ ಮೊಸರು, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ. ರತ್ನ ಮೂರು ರೊಟ್ಟಿ ತಿಂದಳು. ಕೊನೆಯದನ್ನು ಕಾವಲಿಯಿಂದಲೇ ತೆಗೆದು ನಿಂತುಕೊಂಡು ತಿಂದಳು. ನಮ್ಮವರು ವಾರ್ತೆ ನೋಡುತ್ತ ಕೂತರು. ನಾನು ಒಲೆಯ ಬೂದಿ ಕೆದರಿ, ಹಾಲಿಗೆ ಹೆಪ್ಪು ಹಾಕಿ, ಹಿಂದಿನ ಕೋಣೆಗೆ ಹೋಗಿ ನೋಡಿದರೆ, ಕಟ್ಟಿಟ್ಟ ಪೆಟ್ಟಿಗೆಯ ಮೇಲೆ ಒಂದು ಕಾಲು ಚಾಚಿಕೊಂಡು, ಕಂಬಳಿಯನ್ನೂ ಹೊದೆಯದೆ, ರತ್ನ ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದಳು.